ಚಪ್ಪಲಿ ಕಟ್ಟಿದ ಬಲೆ

ಮೊನ್ನೆ ಬೋವಿಕಾನಕ್ಕೆ ಹೋಗುವ ಬಸ್ಸಿನಲ್ಲಿ ನನಗೊಂದು ಜಗಳ ಗಂಟುಬಿತ್ತು. ಬಸ್ಸು ಚೆರ್ಕಳದ ಏರು ಹತ್ತುತ್ತಿತ್ತು. ನಾನು ಎಂದಿನ ಅಭ್ಯಾಸದಂತೆ ಎರಡು ಬೆರಳಲ್ಲಿ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಒಳಗಿಂದೊಳಗೇ ಊದಿದೆ. ಪಕ್ಕದ ಸೀಟಿನಲ್ಲಿ ಕಾಲ ಬುಡಕ್ಕೆ ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೊಡೆ, ಚೀಲ, ಟಿಫಿನ್ ಡಬ್ಬಿ ನೋಡಿಯೇ ನನ್ನ ಉದ್ಯೋಗ ಗೊತ್ತಾಗಿರಬೇಕು.

"ಮೂಗು ಹಿಡಿಯುವಷ್ಟು ಹಳತಲ್ಲ ಟೀಚರೇ. ಬೆಳಿಗ್ಗೆ ದೋಣಿಯಿಂದ ಇಳಿದದ್ದು."

"ವಾಸನೆಗೆ ಅಲ್ಲ ಅಕ್ಕಾ, ಕಿವಿಗೆ," ಎಂದೆ.

"ಕಿವಿಗೆ ಮೂಗು ಹಿಡಿಯುವುದಾ?" ಎಂದವಳೇ ಬುಟ್ಟಿಯನ್ನು ಇನ್ನೂ ಒಂದು ಗೇಣು ನನ್ನ ಕಡೆಗೆ ತಳ್ಳಿ, ಮುಖ ಆಚೆ ತಿರುಗಿಸಿದಳು.

ಅವಳ ಕೋಪ ನ್ಯಾಯದ್ದೇ. ಆದರೆ ನಾನು ಹೇಳಿದ್ದೂ ಸುಳ್ಳಲ್ಲ. ರಜೆಯ ದಿನ ಕಡಲಿನಡಿಗೆ ಮುಳುಗುವವಳು ನಾನು. ನೀರಿನೊಳಗೆ ಇಳಿಯುತ್ತ ಹೋದಂತೆ ನೀರು ಎರಡೂ ಕಿವಿಗಳನ್ನು ಹೆಬ್ಬೆರಳಿಟ್ಟು ಒತ್ತಿದ ಹಾಗೆ ಒತ್ತುತ್ತದೆ. ಆಗ ಮೂಗು ಹಿಡಿದು ಊದಬೇಕು. ಒಳಗೆಲ್ಲೋ ಟಕ್ ಎಂದು ತೆರೆದುಕೊಂಡು ನೋವು ಇಳಿಯುತ್ತದೆ. ಊದದೆ ಇಳಿದರೆ ಕಿವಿಯೇ ಹೋದೀತು. ಚೆರ್ಕಳದ ಏರಿಗೆ ಇದರ ಅಗತ್ಯವಿಲ್ಲವೆಂದು ನನಗೂ ಗೊತ್ತು. ಆದರೆ ಕೈ ಕೇಳಬೇಕಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಮಾಷ್ ಮಾತಿಗೆ ಎದ್ದರೆ ನನ್ನ ಕೈ ಮೂಗಿಗೆ ಹೋಗುತ್ತದೆ. ಅಮ್ಮ ಮದುವೆಯ ಪ್ರಸ್ತಾಪ ತೆಗೆದರೆ ಹೋಗುತ್ತದೆ. ಇಗರ್ಜಿಯಲ್ಲಿ ಸಾವಿನ ಪೂಜೆ ನಡೆಯುವಾಗಲೂ ಹೋಗುತ್ತದೆ. ಎಲ್ಲಿ ಏನು ಒತ್ತಿದರೂ ಔಷಧ ಒಂದೇ ಎಂದು ಕೈ ತೀರ್ಮಾನಿಸಿಬಿಟ್ಟಿದೆ.

ನೀರಿನ ಹುಚ್ಚು ನನಗೆ ಚಿಕ್ಕಂದಿನದು. ಕುಂಬಳೆಯ ನಮ್ಮ ಮನೆಯಲ್ಲಿ ಸಂಜೆಯಾದರೆ ಜಪಮಾಲೆ. ಅಜ್ಜಿ ಮುಂದೆ, ನಾವು ಮಕ್ಕಳು ಹಿಂದೆ, ಮಂಡಿಯೂರಿ ಸಾಲಾಗಿ. ಪ್ರಾರ್ಥನೆಯಲ್ಲಿ ನನಗೆ ಅಷ್ಟೇನೂ ಆಸಕ್ತಿ ಇರಲಿಲ್ಲ. ಒಂದು 'ನಮೋ ಮರಿಯೆ' ಶುರುವಾದಾಗ ಉಸಿರು ಹಿಡಿದರೆ ಎಷ್ಟನೆಯದರವರೆಗೆ ಬಿಡದೆ ಇರಬಹುದು ಎಂಬುದು ನನ್ನ ಗುಟ್ಟಿನ ಆಟ. ಒಮ್ಮೆ ಕಣ್ಣು ಕತ್ತಲೆ ಬಂದು ಅಜ್ಜಿಯ ಬೆನ್ನ ಮೇಲೇ ಬಿದ್ದೆ. ಭಕ್ತಿ ಹೆಚ್ಚಾಗಿ ಹೀಗಾಯಿತೆಂದು ಅಜ್ಜಿ ನಂಬಿದರು. ಮುಂದೆ ಕೆಲಕಾಲ ನಾನು ಸಿಸ್ಟರ್ ಆಗುತ್ತೇನೆಂಬ ಮಾತು ಮನೆಯಲ್ಲಿ ಓಡಾಡಿತು. ದೊಡ್ಡವಳಾಗಿ ಸ್ಕೂಬಾ ಕಲಿಯಲು ಹೋದರೆ, ತರಬೇತಿ ಕೊಟ್ಟವರು ಹೇಳಿದ ಮೊದಲ ಪಾಠವೇ ನೀರಿನೊಳಗೆ ಯಾವತ್ತೂ ಉಸಿರು ಹಿಡಿಯಬಾರದೆಂದು. ಬಾಲ್ಯದ ಸಾಧನೆಯೆಲ್ಲ ನೀರಿಗೆ ಹೋಯಿತು.

ನಮ್ಮದು ಸಣ್ಣ ಗುಂಪು. ಕಾಲೇಜು ಮುಗಿಸಿದವರು, ಮುಗಿಸದವರು, ನನ್ನಂಥ ಒಬ್ಬಿಬ್ಬರು ಕೆಲಸದಲ್ಲಿರುವವರು. ಮಳೆಗಾಲ ಕಳೆದು ಸಮುದ್ರ ತಿಳಿಯಾದ ಮೇಲೆ ಭಾನುವಾರ ಭಾನುವಾರ ದೋಣಿಯಲ್ಲಿ ಹೋಗಿ ಕಡಲಿನಡಿಯ ಕಲ್ಲುಗಳ ಮೇಲೆ ಏನೇನು ಬದುಕಿದೆ ಎಂದು ನೋಡುವುದು, ಎಣಿಸುವುದು, ಸಿಕ್ಕಿಕೊಂಡ ಹಳೆಯ ಬಲೆಗಳನ್ನು ಕತ್ತರಿಸಿ ಮೇಲಕ್ಕೆ ತರುವುದು. ಭಾನುವಾರದ ಪೂಜೆಯನ್ನು ಶನಿವಾರ ಸಂಜೆಗೇ ಮುಗಿಸುವ ನನ್ನ ಹೊಸ ಶಿಸ್ತು ಅಮ್ಮನಿಗೆ ಇವತ್ತಿಗೂ ಹಿಡಿಸಿಲ್ಲ.

ನೀರಿಗೆ ಒಬ್ಬರೇ ಇಳಿಯುವಂತಿಲ್ಲ, ಜೋಡಿ ಬೇಕು. ನನ್ನ ಜೋಡಿ ಅಗಲ್ಪಾಡಿಯ ಶ್ರೀಹರಿ. ದೇವಸ್ಥಾನದ ಅರ್ಚಕರ ಮಗ, ಹುಟ್ಟಿದಂದಿನಿಂದ ಮೀನು ಮುಟ್ಟಿದವನಲ್ಲ. ಆದರೆ ಸಮುದ್ರದೊಳಗೆ ರೆಕ್ಕೆಯ ತುದಿ ಕಂಡರೆ ಸಾಕು, ಜಾತಕ ಸಮೇತ ಹೇಳುತ್ತಿದ್ದ. ಮೂರು ಹೊತ್ತು ಮೀನು ತಿಂದು ಬೆಳೆದ ನಾನು, ಮಸಾಲೆ ಇಲ್ಲದೆ ಎದುರಿಗೆ ಬಂದ ಮೀನನ್ನು ಗುರುತಿಸಲಾರದೆ ಕಣ್ಣು ಬಿಡುತ್ತಿದ್ದೆ. ನೀರಿನೊಳಗೆ ಮಾತಿಲ್ಲವಾದ್ದರಿಂದ ನಾವು ಸನ್ನೆಗಳನ್ನು ಮಾಡಿಕೊಂಡಿದ್ದೆವು. ನನ್ನ ಸನ್ನೆಗಳೆಲ್ಲ ಅಡುಗೆಮನೆಯವು. ಕಾವಲಿಯಲ್ಲಿ ಮಗುಚುವಂತೆ ಅಂಗೈ ತಿರುಗಿಸಿದರೆ ಬಂಗುಡೆ. ಬೆರಳು ಚೀಪುವಂತೆ ನಟಿಸಿದರೆ ಬೂತಾಯಿ. ಕಲ್ಲಿನ ಸಂದಿಯಲ್ಲಿ ಗಲ್ಲ ಉಬ್ಬಿಸಿಕೊಂಡಿರುವ ಮುರು ಮೀನಿಗೆ ಮಾತ್ರ ನಮ್ಮ ಹೆಡ್‌ಮಾಷಿನ ಮುಖ. ಶ್ರೀಹರಿ ನಕ್ಕು ನಕ್ಕು ಮಾಸ್ಕಿನೊಳಗೆ ನೀರು ತುಂಬಿಸಿಕೊಳ್ಳುತ್ತಿದ್ದ.

ಸಮುದ್ರದಡಿಯಲ್ಲಿ ಎಂತ ಉಂಟು ಎಂದು ಎಲ್ಲರೂ ಕೇಳುತ್ತಾರೆ. ಟಿವಿಯಲ್ಲಿ ತೋರಿಸುವ ನೀಲಿ ಗಾಜಿನಂಥ ಕಡಲು ನಮ್ಮದಲ್ಲ. ಹೆಸರುಬೇಳೆಯ ತಿಳಿಸಾರಿನ ಬಣ್ಣ, ಅದರಲ್ಲಿ ಚಾಚಿದ ಕೈ ಕಂಡರೆ ಆ ದಿನ ಒಳ್ಳೆಯ ದಿನ. ಆದರೆ ಆ ಸಾರಿನ ತಳದಲ್ಲಿ ಮುದುಕಿಕಲ್ಲು ಇತ್ತು. ಗೂನುಬೆನ್ನಿನ ಹೆಂಗಸು ಬಗ್ಗಿ ಏನನ್ನೋ ಹೆಕ್ಕುವಂತೆ ಕಾಣುವ ಬಂಡೆ. ಅದರ ಬೆನ್ನ ತುಂಬ ಕಿತ್ತಳೆ ಬಣ್ಣದ ಸ್ಪಂಜು, ಉಸಿರಾಡುವಂತೆ ತೂಗುವ ಮೆದು ಹವಳ, ಅದರ ಹೊಟ್ಟೆಯಡಿಯ ಕತ್ತಲ ಸಂದಿಯಲ್ಲಿ ಮುರುಗಳ ಸಂಸಾರ. ನಾವು ಕಂಡ ಕಲ್ಲುಗಳಲ್ಲೆಲ್ಲ ಜೀವ ತುಂಬಿ ತುಳುಕುತ್ತಿದ್ದದ್ದು ಅದೊಂದೇ. ನಮಗೆ ಅದು ಕಲ್ಲಾಗಿ ಉಳಿದಿರಲಿಲ್ಲ. ಮುದುಕಿ ಹೇಗಿದ್ದಾಳೆ ಎಂದೇ ಪರಸ್ಪರ ಕೇಳುತ್ತಿದ್ದೆವು.

ಅಲ್ಲಿಗೆ ನಮ್ಮನ್ನು ದೋಣಿಯಲ್ಲಿ ಕರೆದೊಯ್ಯುತ್ತಿದ್ದವರು ಸದಾನಂದಣ್ಣ. "ಮೀನು ಹಿಡಿಯುವವರನ್ನು ಕಂಡಿದ್ದೇನೆ, ಮಾರುವವರನ್ನು ಕಂಡಿದ್ದೇನೆ. ನೋಡಿ ಬಿಟ್ಟು ಬರುವವರನ್ನು ಇಷ್ಟರವರೆಗೆ ಕಂಡದ್ದಿಲ್ಲ ಮಾರಾಯ," ಎಂದು ಶ್ರೀಹರಿಯನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಅವರಿಗೂ ನಮಗೂ ಒಂದು ಒಪ್ಪಂದವಿತ್ತು. ನಾವು ಕಡಲತೀರ ಗುಡಿಸುವ ದಿನ ಸಿಕ್ಕಿದ ಒಂಟಿ ಚಪ್ಪಲಿಗಳೆಲ್ಲ ಅವರಿಗೆ. ಸಮುದ್ರ ಎಷ್ಟು ಚಪ್ಪಲಿ ಕಾರುತ್ತದೆ ಎಂದು ನೋಡಿದವರಿಗೇ ಗೊತ್ತು, ಅದೂ ಜೋಡಿಯಾಗಿ ಒಂದೂ ಬರುವುದಿಲ್ಲ. ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಬಲೆಯ ಮೇಲಂಚಿಗೆ ಪೋಣಿಸಿದರೆ ಬಲೆ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಕಸ ಕಮ್ಮಿಯಾಯಿತೆಂದು ನಮಗೆ ಖುಷಿ, ತೇಲು ಸಿಕ್ಕಿತೆಂದು ಅವರಿಗೆ ಖುಷಿ. ಒಂದು ಸಲ ಚಿಟ್ಟೆಯ ಚಿತ್ರವಿದ್ದ ಗುಲಾಬಿ ಬಣ್ಣದ ಮಕ್ಕಳ ಚಪ್ಪಲಿ ಕೊಟ್ಟಿದ್ದೆ. ಚಿಟ್ಟೆ ಹರಿಯದಂತೆ ಸುತ್ತ ಕತ್ತರಿಸಿ ಪೋಣಿಸಿ, "ಟೀಚರ್, ನಿಮ್ಮ ಶಾಲೆಯ ಹುಡುಗಿ ನನ್ನ ಬಲೆಗೆ ಸೇರಿದ್ದಾಳೆ," ಎಂದು ತೋರಿಸಿದ್ದರು.

ದೋಣಿ ದಡಕ್ಕೆ ಬಂದರೆ ಊಟ ಅವರ ಮನೆಯಲ್ಲಿ. ಅವರ ಹೆಂಡತಿ ಲಲಿತಕ್ಕ ಶ್ರೀಹರಿಗೆ ಬೇರೆ ಪಾತ್ರೆಯಲ್ಲಿ ಅನ್ನ ಮಾಡಿ, ಉಪ್ಪಿನಕಾಯಿ ಭರಣಿಯನ್ನೇ ಅವನೆದುರು ಇಟ್ಟುಬಿಡುತ್ತಿದ್ದರು. ನಮಗೆಲ್ಲ ಹುಳಿಖಾರದ ಸಾರು, ಬಂಗುಡೆಯ ಪುಳಿಮುಂಚಿ. ಲಲಿತಕ್ಕ ಮೀನು ತಿನ್ನುವುದನ್ನು ನೋಡಬೇಕಿತ್ತು. ಕಣ್ಣು ಬಾಗಿಲಾಚೆಯ ಕಡಲಿನ ಮೇಲೆ, ಬಾಯಿ ತುಂಬ ಊರಿನ ಸುದ್ದಿ, ಕೈ ತನ್ನಷ್ಟಕ್ಕೆ ತುತ್ತು ಕಟ್ಟುತ್ತಿತ್ತು, ಮುಳ್ಳುಗಳು ಬಾಯಿಯ ಮೂಲೆಯಿಂದ ತಾವಾಗಿ ಹೊರಬಂದು ಎಲೆಯ ಅಂಚಿಗೆ ಬೀಳುತ್ತಿದ್ದವು. ನಾನು ಒಂದೊಂದು ತುಂಡನ್ನೂ ಬಿಡಿಸಿ ಬಿಡಿಸಿ ನೋಡಿ ತಿನ್ನುವವಳು. "ಎಂತ ಟೀಚರ್, ಪರೀಕ್ಷೆ ಪೇಪರು ತಿದ್ದುವುದಾ? ಮೀನು ನೋಡಿಕೊಂಡು ತಿನ್ನುವುದಲ್ಲ, ತಿನ್ನುವುದು," ಎಂದು ಲಲಿತಕ್ಕ ನಗುತ್ತಿದ್ದರು.

ಕಳೆದ ವರ್ಷ ಮಳೆಗಾಲ ಮುಗಿದು ಕಡಲು ಇನ್ನೂ ಪೂರ್ತಿ ತಣಿಯದ ದಿನಗಳಲ್ಲಿ ಸದಾನಂದಣ್ಣ ಒಬ್ಬರೇ ಬಲೆ ಹಾಕಲು ಹೋದರು. ಸಂಜೆಗೆ ದೋಣಿ ಸಿಕ್ಕಿತು, ತನ್ನಷ್ಟಕ್ಕೆ ತೇಲುತ್ತ, ಮಗುಚದೆ. ಅದರೊಳಗೆ ಅವರ ಬುತ್ತಿ ಇತ್ತು, ಬಿಚ್ಚಿರಲಿಲ್ಲ. ಅವರೂ ಇರಲಿಲ್ಲ, ಬಲೆಯೂ ಇರಲಿಲ್ಲ. ಬಲೆ ಎಳೆಯುವಾಗ ಕಾಲಿಗೆ ಹಗ್ಗ ಸುತ್ತಿಕೊಂಡು ಹೋಗಿರಬೇಕೆಂದು ಅವರ ಊರು ಕಡಪ್ಪುರದಲ್ಲಿ ಎಲ್ಲರೂ ಹೇಳಿದರು. ಕೋಸ್ಟಲ್ ಪೊಲೀಸರು ಹುಡುಕಿದರು, ಊರಿನ ದೋಣಿಗಳೆಲ್ಲ ಹುಡುಕಿದವು. ಸಿಗಲಿಲ್ಲ.

ಅವರ ಮನೆಯ ಒಲೆಯ ಮೇಲೆ ಅಂದಿನಿಂದ ಮೀನು ಏರಲಿಲ್ಲ. ಕಡಲಿಗೆ ಹೋದವರ ದೇಹ ಸಿಗುವವರೆಗೆ ಆ ಮನೆಯವರು ಮೀನು ತಿನ್ನುವುದಿಲ್ಲ. ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವರೂ ಇಲ್ಲ. ಕಡಲಿನ ಮೀನು ಏನನ್ನು ತಿಂದಿರಬಹುದು ಎಂದು ಯೋಚಿಸಿದರೆ ಸಾಕು. ನೆರೆಮನೆಯವರೂ ಬಿಟ್ಟರು. ಲಲಿತಕ್ಕ ಬೊಜ್ಜ ಮಾಡಲೂ ಒಪ್ಪಲಿಲ್ಲ. ದೇಹವೇ ಸಿಗದೆ ಉತ್ತರಕ್ರಿಯೆ ಯಾರಿಗೆ ಮಾಡುವುದು? ವಿಲ್ಲೇಜ್ ಆಫೀಸಿನಲ್ಲಿಯೂ ಅವರು ತೀರಿಹೋದವರಲ್ಲ, ಕಾಣೆಯಾದವರು.

"ನೀವು ಕೆಳಗೆ ಹೋಗುವವರಲ್ವಾ ಟೀಚರ್. ಒಮ್ಮೆ ನೋಡಿ ಬನ್ನಿ," ಎಂದು ಲಲಿತಕ್ಕ ನನ್ನ ಕೈ ಹಿಡಿದುಕೊಂಡರು.

ಬೇರೆಯವರ ದೋಣಿಯಲ್ಲಿ ಹೊರಟೆವು. ಸಿಲಿಂಡರ್ ಬೆನ್ನಿಗೇರಿಸಿಕೊಳ್ಳುವಾಗ ಶ್ರೀಹರಿ ತಗ್ಗಿದ ದನಿಯಲ್ಲಿ, "ಸಿಕ್ಕಿದರೆ ಎಂತ ಸನ್ನೆ ಮಾಡುವುದು?" ಎಂದು ಕೇಳಿದ. ಬಂಗುಡೆಗೆ, ಬೂತಾಯಿಗೆ, ಮುರುವಿಗೆ ಸನ್ನೆ ಇತ್ತು. ಮನುಷ್ಯನಿಗೆ ಇರಲಿಲ್ಲ. ಕೊನೆಗೆ ಅವನೇ, ಕೈ ಮುಗಿಯುವುದು ಎಂದ. ಆಮೇಲೆ ನೀರಿನೊಳಗೆ ಅವನ ಎರಡು ಕೈ ಹತ್ತಿರ ಬಂದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅವನು ಕೈಯ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ, ಅಷ್ಟೆ.

ಅವರು ಸಿಗಲಿಲ್ಲ. ಬಲೆ ಸಿಕ್ಕಿತು. ಮುದುಕಿಕಲ್ಲಿನ ತಲೆಯಿಂದ ಕಾಲಿನವರೆಗೆ ಸೆರಗು ಹೊದ್ದಂತೆ ಹೊದ್ದುಕೊಂಡಿತ್ತು. ಹಸಿರು ಕತ್ತಲಿನಲ್ಲಿ ಮೇಲಂಚಿನ ಚಪ್ಪಲಿಗಳು ಸಾಲಾಗಿ ನಿಂತು ಅಲುಗಾಡುತ್ತಿದ್ದವು. ಅದರಲ್ಲೊಂದು ಗುಲಾಬಿ. ಬಲೆಯ ಬುಡ ಕಲ್ಲಿನ ಹೊಟ್ಟೆಯಡಿಯ ಸಂದಿಯೊಳಗೆ ಗಂಟುಗಂಟಾಗಿ ಸೇರಿಕೊಂಡಿತ್ತು. ಟಾರ್ಚಿನ ಬೆಳಕು ಅದನ್ನು ದಾಟಿ ಒಳಗೆ ಹೋಗಲಿಲ್ಲ. ಬಲೆ ಕತ್ತರಿಸದೆ ಒಳಗೇನಿದೆ ಎಂದು ನೋಡುವಂತಿರಲಿಲ್ಲ.

ಸಂಜೆ ಲಲಿತಕ್ಕನಿಗೆ ಹೇಳಿದೆವು. ಮುಂದಿನ ವಾರ ಕತ್ತರಿಸಿ ತೆಗೆಯುತ್ತೇವೆ ಎಂದೂ ಹೇಳಿದೆವು. ಅವರು ಗಾಬರಿಯಿಂದ ಎದ್ದೇ ನಿಂತರು.

"ಬೇಡ, ಕತ್ತರಿಸಬೇಡಿ! ಅವರು ಅದರೊಳಗೆ ಇದ್ದರೆ? ಕತ್ತರಿಸಿದರೆ ನೀರು ಎಳಕೊಂಡು ಹೋಗ್ತದೆ. ಈಗಾದರೆ ಒಂದು ಜಾಗದಲ್ಲಿ ಇದ್ದಾರೆ ಅಂತ ಉಂಟಲ್ಲ ನನಗೆ. ನೀವು ಹೋಗಿ ನೋಡ್ತಾ ಇರಿ. ಬಲೆ ಇರಲಿ."

ಇರಲಿ ಎಂದೆವು.

ಹಾಗೆ ಬಲೆ ಉಳಿಯಿತು. ಧಣಿ ಇಲ್ಲದ ಬಲೆ ಕೆಲಸ ನಿಲ್ಲಿಸುವುದಿಲ್ಲ ಎಂಬುದನ್ನು ನಾನು ಆ ಭಾನುವಾರಗಳಲ್ಲಿ ಕಣ್ಣಾರೆ ಕಂಡೆ. ಮೊದಲು ಮುರುಗಳು ಸಿಕ್ಕಿಬಿದ್ದವು. ಅವು ಕೊಳೆತಾಗ ತಿನ್ನಲು ಏಡಿಗಳು ಬಂದವು, ಅವೂ ಸಿಕ್ಕಿಬಿದ್ದವು. ಏಡಿಗಳನ್ನು ತಿನ್ನಲು ಬಂದವೂ ಸಿಕ್ಕಿಬಿದ್ದವು. ಬಲೆ ಉಜ್ಜಿದಲ್ಲೆಲ್ಲ ಸ್ಪಂಜು ಸುಲಿದು, ಹವಳ ಕೂಳೆಯಾಗಿ, ಕಲ್ಲು ಬೆತ್ತಲಾಯಿತು. ಎಣಿಸಲು ಹೋದವರು ನಾವು, ಎಣಿಸುವಂಥದ್ದು ವಾರ ವಾರ ಕಮ್ಮಿಯಾಗುತ್ತ ಹೋಯಿತು. ನಮ್ಮ ಸೊಂಟದಲ್ಲಿ ಚಾಕು ಇತ್ತು. ಆ ಚಾಕು ಇದ್ದದ್ದೇ ಇಂಥದ್ದಕ್ಕೆ. ಅದನ್ನು ಕಟ್ಟಿಕೊಂಡು ಹೋಗಿ, ನೋಡಿ, ಮೇಲೆ ಬಂದು, ಲಲಿತಕ್ಕನ ಚಾವಡಿಯಲ್ಲಿ ಕುಳಿತು, "ಎಂತ ಕಂಡಿತು?" ಎಂಬ ಅವರ ಪ್ರಶ್ನೆಗೆ "ಎಂತ ಇಲ್ಲ ಲಲಿತಕ್ಕ" ಎನ್ನುವುದು. ಆ ಮನೆಗೆ ಹೋಗುವ ಗದ್ದೆಬದಿಯ ದಾರಿಯಲ್ಲೇ ನನ್ನ ಕೈ ಮೂಗಿಗೆ ಹೋಗತೊಡಗಿದ್ದು ಆಗ.

"ನಾವು ಎಂತಕ್ಕೆ ಇರುವುದು ಮಾರಾಯ್ತಿ?" ಎಂದು ಶ್ರೀಹರಿ ಒಂದು ದಿನ ದೋಣಿಯಲ್ಲೇ ಸಿಡಿದ. "ಇಡೀ ಕಲ್ಲು ಸಾಯ್ತಾ ಉಂಟು. ಅವರು ಅಲ್ಲಿ ಇರುವುದು ಗ್ಯಾರಂಟಿಯಾ?"

"ಇಲ್ಲದಿರುವುದು ಗ್ಯಾರಂಟಿಯಾ?" ಎಂದೆ. ಮುದುಕಿಯನ್ನು ನೋಡಿದರೆ ನನ್ನ ಕೈಯೂ ಚಾಕುವಿಗೆ ಹೋಗುತ್ತಿತ್ತು. ಲಲಿತಕ್ಕನನ್ನು ನೆನೆದರೆ ಹಿಂದೆ ಬರುತ್ತಿತ್ತು. ಎರಡನ್ನೂ ಉಳಿಸುವ ದಾರಿ ನಮಗೆ ಹೊಳೆಯಲಿಲ್ಲ.

ಆಮೇಲಿನ ಒಂದು ಭಾನುವಾರ ಬಲೆಯಲ್ಲಿ ಆಮೆ ಇತ್ತು. ಕೊರಳಿಗೂ ಮುಂಗಾಲಿಗೂ ಎಳೆ ಸುತ್ತಿಕೊಂಡು, ಕಣ್ಣು ಅರೆತೆರೆದಿತ್ತು. ಆಮೆಗೂ ನಮ್ಮ ಹಾಗೆಯೇ ಮೇಲೆ ಬಂದು ಉಸಿರಾಡಬೇಕು. ಸತ್ತಿದೆ ಎಂದುಕೊಂಡೆ. ಹತ್ತಿರ ಹೋದಾಗ ಅದು ಒಂದೇ ಒಂದು ಸಲ ಕಾಲು ಬಡಿಯಿತು. ನಾನು ನೋಡುತ್ತಲೇ ಇದ್ದೆ, ಶ್ರೀಹರಿ ಚಾಕು ಎಳೆದು ಕೊರಳಿನ ಎಳೆ, ಕಾಲಿನ ಎಳೆ, ಅದರ ಆಚೆಯ ಹಗ್ಗ ಎಲ್ಲ ಕಚಕಚನೆ ಕೊಯ್ದುಬಿಟ್ಟ. ಆಮೆ ಸೋತ ಕೈಯಿಂದ ಬಿಟ್ಟ ಗಾಳಿಪಟದ ಹಾಗೆ ವಾಲುತ್ತ ವಾಲುತ್ತ ಬೆಳಕಿನ ಕಡೆಗೆ ಹೋಯಿತು. ಕೊಯ್ದಲ್ಲಿ ಬಲೆ ಬಾಯಿ ತೆರೆದು ನೇತಾಡಿತು.

ಹೇಳುವುದು ಬೇಡವೆಂದು ದಾರಿಯುದ್ದಕ್ಕೂ ನಾನು ಅವನಿಗೆ ಹೇಳುತ್ತ ಬಂದೆ. ಆದರೆ ಲಲಿತಕ್ಕ "ಎಂತ ಕಂಡಿತು?" ಎಂದದ್ದೇ ತಡ, ಅವನು ಹೇಳಿಬಿಟ್ಟ.

"ನಾನು ಬಲೆ ಕತ್ತರಿಸಿದೆ ಲಲಿತಕ್ಕ. ಒಂದು ಆಮೆ ಸಿಕ್ಕಿಕೊಂಡಿತ್ತು. ಜೀವ ಇತ್ತು. ನನಗೆ ಆಗಲಿಲ್ಲ."

ಲಲಿತಕ್ಕ ಬೈಯುತ್ತಾರೆಂದು ಕಾದೆವು. ಬೈದಿದ್ದರೆ ಒಳ್ಳೆಯದಿತ್ತು.

"ಬದುಕಿತಾ?" ಎಂದು ಕೇಳಿದರು.

"ಮೇಲೆ ಹೋಯಿತು."

"ಅವರಿಗೆ ಕತ್ತರಿಸಲಿಕ್ಕೆ ಯಾರೂ ಇರಲಿಲ್ಲ ಅಲ್ವಾ," ಎಂದರು ಲಲಿತಕ್ಕ. ಅಳಲಿಲ್ಲ. ಕುಳಿತಲ್ಲೇ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ಇದ್ದರು. ಅಳುತ್ತಿದ್ದದ್ದು ನಾವಿಬ್ಬರು. ಆಮೇಲೆ ಅವರೇ ಕೇಳಿದರು, "ಬೇರೆ ಎಂತೆಲ್ಲ ಸಿಕ್ಕಿದೆ ಅದರಲ್ಲಿ? ಸರಿಯಾಗಿ ಹೇಳಿ ಟೀಚರ್, ಇಷ್ಟು ದಿನ ಎಂತ ಇಲ್ಲ ಎಂತ ಇಲ್ಲ ಅಂತ ಹೇಳಿದ್ದು ಸಾಕು."

ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ.

"ಪೂರಾ ತೆಗೆಯಿರಿ," ಎಂದರು.

ಗುಂಪಿನ ಎಲ್ಲರೂ ಸೇರಿ, ಜೋಡಿ ಜೋಡಿಯಾಗಿ ಸರದಿಯಲ್ಲಿ ಇಳಿದು ಬಲೆಯನ್ನು ತುಂಡುತುಂಡಾಗಿ ಬಿಡಿಸಿದೆವು. ಹೊಟ್ಟೆಯಡಿಯ ಸಂದಿಯ ಗಂಟನ್ನು ಬಿಡಿಸುವ ಸರದಿ ನಮ್ಮಿಬ್ಬರದ್ದು. ಕೊನೆಯ ಎಳೆ ಕಡಿದ ಮೇಲೆ ಶ್ರೀಹರಿ ಟಾರ್ಚು ಹಿಡಿದು ತಲೆಯನ್ನು ಒಳಗೆ ತೂರಿಸಿದ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಕೈ ಮುಗಿಯಲಿ ಎಂದು ಬೇಡಿಕೊಂಡೆನೋ, ಮುಗಿಯದಿರಲಿ ಎಂದು ಬೇಡಿಕೊಂಡೆನೋ, ಈಗಲೂ ತಿಳಿಯದು. ಅವನು ಹಿಂದೆ ಸರಿದು, ಅಂಗೈ ಬಿಡಿಸಿ ಅಡ್ಡಡ್ಡ ಆಡಿಸಿದ. ಸಂದಿಯಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ. ಮುರುಗಳೂ ಇರಲಿಲ್ಲ. ಅಷ್ಟು ದಿನ ನಾವು ಆ ಕಲ್ಲನ್ನು ಕೊಂದದ್ದು ಖಾಲಿ ಮರಳಿಗಾಗಿ.

ಬಲೆಯನ್ನು ಲಲಿತಕ್ಕನ ಅಂಗಳದಲ್ಲಿ ಸುರಿದೆವು. ಅವರು ಚಪ್ಪಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಹಾಗಾದರೆ ಎಲ್ಲಿ ಅಂತ ಇಲ್ಲ ಇನ್ನು," ಎಂದರು. ಸ್ವಲ್ಪ ಹೊತ್ತಾದ ಮೇಲೆ ಶ್ರೀಹರಿಯನ್ನು ಕರೆದು, ದೇಹ ಇಲ್ಲದೆ ಕ್ರಿಯೆ ಮಾಡಲಿಕ್ಕೆ ಆಗ್ತದಾ ಎಂದು ಅಪ್ಪನಲ್ಲಿ ಕೇಳಿ ಹೇಳು ಎಂದರು. ಆಗುತ್ತದೆ, ದರ್ಭೆಯಲ್ಲಿ ಆಳಿನ ರೂಪ ಮಾಡಿ ದಹಿಸುತ್ತಾರೆ ಎಂದು ಅಗಲ್ಪಾಡಿಯಿಂದ ಉತ್ತರ ಬಂತು.

ಬೊಜ್ಜದ ದಿನ ಆ ಮನೆಯಲ್ಲಿ ಮತ್ತೆ ಮೀನು ಬೆಂದಿತು. ತೀರಿಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಗೆ ಬಡಿಸಬೇಕಲ್ಲ. ಸದಾನಂದಣ್ಣನಿಗೆ ಬಂಗುಡೆಯ ಪುಳಿಮುಂಚಿ ಬಿಟ್ಟು ಬೇರೆ ಇಷ್ಟವೇ ಇರಲಿಲ್ಲ. ಒಳಕೋಣೆಯಲ್ಲಿ ಎಲೆ ಹಾಕಿ, ಬಡಿಸಿ, ಬಾಗಿಲು ಎಳೆದು, ಅವರು ಉಣ್ಣುವಷ್ಟು ಹೊತ್ತು ನಾವೆಲ್ಲ ಅಂಗಳದಲ್ಲಿ ನಿಂತೆವು. ಆಮೇಲೆ ಮನೆಯವರಿಗೂ ಬಂದವರಿಗೂ ಪಂಕ್ತಿ. ಶ್ರೀಹರಿಯ ಮುಂದೆ ಉಪ್ಪಿನಕಾಯಿ ಭರಣಿ ಬಂದು ಕುಳಿತಿತು. ಉಳಿದವರ ಎಲೆಗೆ ಒಂದೊಂದು ಬಂಗುಡೆ. ಯಾರೂ ಮುಟ್ಟಲಿಲ್ಲ. ಎಲ್ಲರೂ ಎಲೆಯನ್ನು ನೋಡುತ್ತ ಕುಳಿತಿದ್ದರು. ನನ್ನ ಕಿವಿ ಒತ್ತತೊಡಗಿತು. ಮೂಗು ಹಿಡಿದು ಊದಿದೆ, ತೆರೆಯಲಿಲ್ಲ.

"ತಿನ್ನಿ," ಎಂದರು ಲಲಿತಕ್ಕ. "ಅವರಿಗೆ ಬಡಿಸಿದ್ದು. ಎಷ್ಟು ದಿನ ಅಂತ ಬಿಡುವುದು? ಹಾಗೆ ಬಿಡುವುದಾದರೆ ಕಡಲನ್ನೇ ಬಿಡಬೇಕು." ಹಾಗೆಂದು ತಾವೇ ಎಲೆಯ ಮುಂದೆ ಕುಳಿತರು, ಎಂದಿನ ಜಾಗದಲ್ಲಿ, ಬಾಗಿಲಿಗೆ ಎದುರಾಗಿ. ಆದರೆ ಕಡಲಿನ ಕಡೆ ನೋಡಲಿಲ್ಲ. ಬಂಗುಡೆಯನ್ನು ಮುರಿದು, ಬೆರಳಲ್ಲಿ ಬಿಡಿಸಿ, ಕಣ್ಣಿನ ಹತ್ತಿರ ತಂದು, ಮಗುಚಿ ನೋಡಿ, ಆಮೇಲೆ ಬಾಯಿಗಿಟ್ಟರು. ಮತ್ತೊಂದು ತುಂಡು, ಮತ್ತೆ ಹಾಗೆಯೇ. ಮುಳ್ಳು ಹುಡುಕುತ್ತಿದ್ದಾರೆ ಎಂದುಕೊಂಡೆ. ಮುಳ್ಳುಗಳು ಎಂದಿನಂತೆ ಬಾಯಿಯ ಮೂಲೆಯಿಂದ ತಾವಾಗಿ ಹೊರಬಂದು ಎಲೆಯ ಅಂಚಿಗೆ ಬೀಳುತ್ತಿದ್ದವು.

ನಾನೂ ಒಂದು ತುಂಡು ಮುರಿದೆ. ಬಾಯಿಗಿಡುವ ಮೊದಲು ನಾನೂ ನೋಡಿದೆ, ಈ ಸಲ ಮುಳ್ಳಿಗಾಗಿ ಅಲ್ಲ.